ರೀಲೋಡಿಂಗ್‌ಗೆ ಪಿಸ್ತೂಲಿನ ಹಿತ್ತಾಳೆ ಕೇಸ್ ಆರಿಸುವುದು ಹೇಗೆ?

"ಈ ಕೇಸ್ ನನ್ನ ಪಿಸ್ತೂಲಿಗೆ ಆಗುತ್ತಾ?" ರೀಲೋಡಿಂಗ್, ಅಂದರೆ ಹಾರಿದ ತೋಟಾದ ಖಾಲಿ ಕೇಸನ್ನು (ಹಿತ್ತಾಳೆಯ ಹೊರಕವಚವನ್ನು) ಮತ್ತೆ ತುಂಬುವುದು, ಶುರು ಮಾಡಿದವರು ಮೊದಲು ಕೇಳುವ ಪ್ರಶ್ನೆ ಇದು. ಹಿಂದೆಯೇ ಇನ್ನೆರಡು ಬರುತ್ತವೆ. ಬೇರೆ ಬೇರೆ ಕಂಪನಿಯ ಕೇಸ್ ಬೆರೆಸಬಹುದಾ? ಶೂಟಿಂಗ್ ರೇಂಜ್‌ನಲ್ಲಿ ಬಿದ್ದಿದ್ದನ್ನು ಹೆಕ್ಕಿಕೊಂಡು ಬಳಸಬಹುದಾ? ಮೂರಕ್ಕೂ ಉತ್ತರ ಒಂದೇ: ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿದ ಮೇಲೆ ಬಳಸಬಹುದು. ಏನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಒಂದು ತೋಟಾದಲ್ಲಿ ನಾಲ್ಕು ಭಾಗ ಇರುತ್ತವೆ: ಕೇಸ್, ಅದರ ಬುಡದಲ್ಲಿ ಕೂರುವ ಪ್ರೈಮರ್ (ಪೆಟ್ಟು ಬಿದ್ದಾಗ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಒಳಗಿನ ಪೌಡರ್, ಬಾಯಲ್ಲಿ ಕೂರುವ ಗುಂಡು. ನೀವು ಮತ್ತೆ ತುಂಬುವಾಗ ಮೂರು ಹೊಸದು. ಕೇಸ್ ಒಂದೇ ಹಳೆಯದು. ಅದು ಎಷ್ಟು ಸಲ ಹಾರಿದೆ, ಯಾರ ಪಿಸ್ತೂಲಿನಲ್ಲಿ ಹಾರಿದೆ ಅನ್ನುವುದು ನಿಮಗೆ ಗೊತ್ತಿಲ್ಲದೇ ಇರಬಹುದು.

ಕೇಸಿನ ಕೆಲಸ ದೊಡ್ಡದು. ಸುಮಾರು 70 ಪಾಲು ತಾಮ್ರ, 30 ಪಾಲು ಸತು ಸೇರಿದ ಈ ಹಿತ್ತಾಳೆ, ಗುಂಡು ಹಾರುವ ಕ್ಷಣದಲ್ಲಿ ಉಬ್ಬಿ ಚೇಂಬರಿನ (ಬ್ಯಾರೆಲ್ಲಿನ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಗೋಡೆಗೆ ಅಂಟಿಕೊಳ್ಳುತ್ತದೆ. ಬಿಸಿ ಗಾಳಿ ಹಿಂದಕ್ಕೆ ನುಗ್ಗದ ಹಾಗೆ ತಡೆದು, ಮರುಕ್ಷಣ ಸ್ವಲ್ಪ ಕುಗ್ಗಿ ಹೊರಗೆ ಬರುತ್ತದೆ. 9 ಎಂಎಂ ಲೂಗರ್ ತೋಟಾಕ್ಕೆ ಅಮೆರಿಕದ ತಯಾರಕರ ಒಕ್ಕೂಟ ಎಸ್‌ಎಎಎಂಐ ಇಟ್ಟಿರುವ ಒತ್ತಡದ ಮಿತಿ ಚದರ ಇಂಚಿಗೆ 35,000 ಪೌಂಡ್. ಕೇಸ್ ಸೋತರೆ ಆ ಒತ್ತಡ ಹೊರಡುವುದು ನಿಮ್ಮ ಕೈ ಮತ್ತು ಮುಖದ ಕಡೆಗೆ. ಕೇಸ್ ಆರಿಸುವುದು ಸುಮ್ನೆ ಅಂದಚಂದದ ವಿಷಯ ಅಲ್ಲ.

ಶುರು ಮಾಡುವ ಮೊದಲು ಇನ್ನೊಂದು ಮಾತು. ತೋಟಾ ಮತ್ತೆ ತುಂಬುವುದಕ್ಕೆ, ಪೌಡರ್ ಮತ್ತು ಪ್ರೈಮರ್ ಇಟ್ಟುಕೊಳ್ಳುವುದಕ್ಕೆ ಒಂದೊಂದು ಕಡೆ ಒಂದೊಂದು ಕಾನೂನು ಇದೆ. ನಿಮ್ಮಲ್ಲಿ ಅದಕ್ಕೆ ಅನುಮತಿ ಇದೆಯಾ ಎಂದು ಲೈಸೆನ್ಸ್ ಕೊಡುವ ಕಚೇರಿಯಲ್ಲೇ ಕೇಳಿ ತಿಳಿದುಕೊಳ್ಳಿ.

ಏನೇನು ಬೇಕು

ವರ್ನಿಯರ್ ಅಥವಾ ಡಿಜಿಟಲ್ ಕ್ಯಾಲಿಪರ್. ಒಂದು ಅಯಸ್ಕಾಂತ. ಚಿಕ್ಕ ಟಾರ್ಚ್. ಅಕ್ಷರ ದೊಡ್ಡದಾಗಿ ಕಾಣುವ ಭೂತಗನ್ನಡಿ. ನಾಲ್ಕೈದು ಡಬ್ಬಿ, ಒಂದು ಮಾರ್ಕರ್ ಪೆನ್. ನಿಮ್ಮ ಕ್ಯಾಲಿಬರಿನ ಕೇಸ್ ಗೇಜ್, ಅಂದರೆ ತೋಟಾದ ಅಳತೆ ಸರಿಯಿದೆಯಾ ಎಂದು ಇಳಿಸಿ ನೋಡುವ ಲೋಹದ ಅಚ್ಚು. ಅದಿಲ್ಲದಿದ್ದರೆ ನಿಮ್ಮ ಪಿಸ್ತೂಲಿನಿಂದ ಬಿಚ್ಚಿದ ಬ್ಯಾರೆಲ್ ಆಗುತ್ತದೆ. ಜೊತೆಗೆ ಪೌಡರ್ ಅಥವಾ ಗುಂಡಿನ ಕಂಪನಿಯವರು ಹೊರತಂದ ರೀಲೋಡಿಂಗ್ ಕೈಪಿಡಿ. ಪೌಡರಿನ ಅಳತೆಗೆ ಅದೊಂದೇ ಆಧಾರ. ಬೇರೆಯವರ ಬಾಯಿಮಾತು ನಂಬಬೇಡಿ.

1. ಮೊದಲು ಎಲ್ಲವನ್ನೂ ಹರಡಿ, ಬೇಡದ್ದನ್ನು ತೆಗೆಯಿರಿ

ಬಿಳಿ ಬಟ್ಟೆಯ ಮೇಲೆ ಕೇಸ್‌ಗಳನ್ನು ಹರಡಿ. ಎಲ್ಲಕ್ಕಿಂತ ಮೊದಲು ಹಾರದೇ ಉಳಿದ ತೋಟಾ ಅಥವಾ ಪೆಟ್ಟು ಬೀಳದ ಪ್ರೈಮರ್ ಇರುವ ಕೇಸ್ ಏನಾದರೂ ಇದೆಯಾ ನೋಡಿ. ರೇಂಜ್‌ನಿಂದ ಹೆಕ್ಕಿದ ರಾಶಿಯಲ್ಲಿ ಇವು ಸಿಗುತ್ತವೆ. ಸಿಕ್ಕರೆ ಬೇರೆ ಇಟ್ಟು ರೇಂಜ್‌ನ ಜವಾಬ್ದಾರಿ ಹೊತ್ತವರಿಗೆ ಕೊಡಿ. ಬಿಚ್ಚಲು ಹೋಗಬೇಡಿ.

ಆಮೇಲೆ ಅಯಸ್ಕಾಂತ ಆಡಿಸಿ. ಹಿತ್ತಾಳೆ ಅಂಟುವುದಿಲ್ಲ. ಕೆಲವು ಉಕ್ಕಿನ ಕೇಸ್‌ಗಳಿಗೆ ಹಿತ್ತಾಳೆ ಬಣ್ಣದ ಲೇಪ ಇರುತ್ತದೆ, ಕಣ್ಣಿಗೆ ಮೋಸ ಆಗುತ್ತದೆ. ಅಯಸ್ಕಾಂತಕ್ಕೆ ಆಗುವುದಿಲ್ಲ. ಅಂಟಿದ್ದನ್ನೆಲ್ಲ ಬಿಸಾಡಿ.

ಮಂಕು ಬೂದು ಬಣ್ಣದ, ಕೈಯಲ್ಲಿ ಹಿಡಿದರೆ ಹಗುರ ಅನ್ನಿಸುವ ಕೇಸ್ ಅಲ್ಯೂಮಿನಿಯಂ. ಅದು ಒಂದೇ ಸಲಕ್ಕೆ ಮಾಡಿದ್ದು, ಮತ್ತೆ ತುಂಬುವ ಹಾಗಿಲ್ಲ. ಬೆಳ್ಳಿಯ ಹಾಗೆ ಹೊಳೆಯುವುದು ಬೇರೆ. ಅದು ನಿಕಲ್ ಲೇಪದ ಹಿತ್ತಾಳೆ. ಅದನ್ನು ಬಳಸಬಹುದು, ಆದರೆ ಬಾಯಿ ಬೇಗ ಸೀಳುತ್ತದೆ, ಲೇಪ ಚಕ್ಕೆ ಎದ್ದರೆ ಡೈಗೆ (ಕೇಸಿಗೆ ಆಕಾರ ಕೊಡುವ ಅಚ್ಚು) ಗೀರು ಬೀಳುತ್ತದೆ. ಬುಡ ಒಂದು ಲೋಹ, ಮೈ ಇನ್ನೊಂದು ಲೋಹ ಹೀಗೆ ಎರಡು ತುಂಡು ಸೇರಿಸಿದ ಕೇಸ್‌ಗಳೂ ಈಗ ಬರುತ್ತಿವೆ. ಮಾಮೂಲಿ ಡೈಯಲ್ಲಿ ಹಾಕಿದರೆ ಬುಡ ಕಿತ್ತು ಬರುತ್ತದೆ. ಅವನ್ನೂ ಆಚೆ ಇಡಿ.

2. ಬುಡ ಓದಿ

ಸಾಮಾನ್ಯವಾಗಿ ಪ್ರತಿ ಕೇಸಿನ ಬುಡದಲ್ಲೂ ಕಂಪನಿಯ ಗುರುತು ಮತ್ತು ಕ್ಯಾಲಿಬರ್ ಅಚ್ಚಾಗಿರುತ್ತದೆ. ಇದಕ್ಕೆ ಹೆಡ್‌ಸ್ಟ್ಯಾಂಪ್ ಅನ್ನುತ್ತಾರೆ. ಕೇಸಿನ ಹೆಸರು, ವಿಳಾಸ ಎರಡೂ ಇಲ್ಲೇ ಇರುವುದು.

ಜಾಸ್ತಿ ಗೊಂದಲ ಆಗುವುದು 9 ಎಂಎಂ ಬಳಗದಲ್ಲಿ. 9 ಎಂಎಂ ಲೂಗರ್, 9 ಎಂಎಂ ಪ್ಯಾರಾ, 9×19 ಈ ಮೂರೂ ಒಂದೇ. ಕೇಸಿನ ಉದ್ದ ಹೆಚ್ಚೆಂದರೆ 19.15 ಮಿ.ಮೀ. ಆದರೆ 9 ಎಂಎಂ ಕುರ್ಟ್ಸ್, 9 ಎಂಎಂ ಕೋರ್ಟೊ ಅಂತ ಇದ್ದರೆ ಅದು .380 ಆಟೊ. ಉದ್ದ ಸುಮಾರು 17.3 ಮಿ.ಮೀ. ಮಾತ್ರ. 9 ಎಂಎಂ ಮಕರೋವ್ 18 ಮಿ.ಮೀ. ಉದ್ದ ಇದ್ದು, ಅದರ ಗುಂಡೇ ದಪ್ಪ: ಲೂಗರ್‌ದು 9.02 ಮಿ.ಮೀ. ಆದರೆ ಮಕರೋವ್‌ದು 9.27. ಇನ್ನು 9×21 ಇದೆ, ಅದು ಎರಡು ಮಿ.ಮೀ. ಉದ್ದ. ಬುಡದಲ್ಲಿ 9 ಅಂತ ಇದ್ದ ಮಾತ್ರಕ್ಕೆ ನಿಮ್ಮದಲ್ಲ.

.380 ಕೇಸ್ ಒಂದು 9 ಎಂಎಂ ರಾಶಿಯಲ್ಲಿ ಸೇರಿಕೊಂಡರೆ ಏನಾಗುತ್ತದೆ? ಅದು ಗಿಡ್ಡ ಇರುವುದರಿಂದ 9 ಎಂಎಂಗೆ ಹೊಂದಿಸಿದ ಡೈಯಲ್ಲಿ ಬಾಯಿ ಅರಳುವುದಿಲ್ಲ, ಗುಂಡು ಬಿಗಿಯಾಗಿ ಕೂರುವುದಿಲ್ಲ. ಒಳಗೆ ಜಾಗವೂ ಕಡಿಮೆ. ಅದಕ್ಕೆ ಎಸ್‌ಎಎಎಂಐ ಇಟ್ಟಿರುವ ಮಿತಿ 21,500 ಪೌಂಡ್, ನೀವು ಹಾಕಿದ್ದು 35,000ದ ಮಿತಿ ಇರುವ ತೋಟಾದ ಪೌಡರ್. ಹಾಗಾಗಿ ಕಣ್ಣಳತೆ ನಂಬಬೇಡಿ. ಬುಡ ಓದಿ, ಒಂದು ಸಮತಟ್ಟಾದ ಮೇಜಿನ ಮೇಲೆ ಎಲ್ಲವನ್ನೂ ಬಾಯಿ ಮೇಲೆ ಮಾಡಿ ಸಾಲಾಗಿ ನಿಲ್ಲಿಸಿ. ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿ ನೋಡಿ. ಎರಡು ಮಿ.ಮೀ. ಗಿಡ್ಡ ಇರುವುದು, ಸಾಲಿನ ನಡುವೆ ಹಲ್ಲು ಮುರಿದ ಬಾಚಣಿಗೆಯ ಹಾಗೆ ತಾನಾಗಿಯೇ ಕಾಣುತ್ತದೆ.

ಇಂಥದೇ ಜೋಡಿಗಳು ಇನ್ನೂ ಇವೆ. .40 ಎಸ್ ಅಂಡ್ ಡಬ್ಲ್ಯೂ ಮತ್ತು 10 ಎಂಎಂ ಆಟೊ ಎರಡರ ದಪ್ಪವೂ ಒಂದೇ. 1990ರಲ್ಲಿ ಬಂದ .40 ಎನ್ನುವುದು 10 ಎಂಎಂ ಅನ್ನು ಗಿಡ್ಡ ಮಾಡಿ ಹುಟ್ಟಿಸಿದ ತೋಟಾ. ಒಂದು 21.6 ಮಿ.ಮೀ., ಇನ್ನೊಂದು 25.2. ರಿವಾಲ್ವರ್ ಕಡೆ .38 ಸ್ಪೆಷಲ್ (29.3 ಮಿ.ಮೀ.) ಮತ್ತು .357 ಮ್ಯಾಗ್ನಂ (32.8 ಮಿ.ಮೀ.). ಮೊದಲನೆಯದರ ಒತ್ತಡದ ಮಿತಿ 17,000, ಎರಡನೆಯದರದು 35,000. .357ರ ಪೌಡರ್ ಅಳತೆ ತಪ್ಪಿ .38ರೊಳಗೆ ಹೋದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. .32 ಎಂಬ ಹೆಸರಿನಲ್ಲೂ ಎಚ್ಚರ ಇರಲಿ. .32 ಎಸಿಪಿ ಪಿಸ್ತೂಲಿನದು, 17.3 ಮಿ.ಮೀ. ಉದ್ದ. .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಅಂಚು ಹೊರಚಾಚಿದ ಕೇಸ್, 23.4 ಮಿ.ಮೀ. ಉದ್ದ. 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಯಲ್ಲಿ ಇದನ್ನು ಬಳಸುವವರು ಬಹಳ. ಹೆಸರು ಹತ್ತಿರ, ಕೇಸ್ ದೂರ.

ಒಂದು ಕೇಸಿನೊಳಗೆ ಇನ್ನೊಂದು ಸಿಕ್ಕಿಕೊಂಡಿರುತ್ತದೆ. .45ರ ಹೊಟ್ಟೆಯಲ್ಲಿ .40, ಅದರ ಹೊಟ್ಟೆಯಲ್ಲಿ 9 ಎಂಎಂ. ತೊಳೆಯುವ ಮೊದಲೇ ಬಿಡಿಸಿ. ತೊಳೆದ ಮೇಲೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ.

3. ಪ್ರೈಮರ್ ಗೂಡು ನೋಡಿ

ಪ್ರೈಮರ್ ಎರಡು ಜಾತಿ. ಬಾಕ್ಸರ್ ಎನ್ನುವುದಕ್ಕೆ ಕೇಸಿನ ನಟ್ಟನಡುವೆ ಒಂದೇ ತೂತು. ಬರ್ಡನ್ ಎನ್ನುವುದಕ್ಕೆ ಸಾಮಾನ್ಯವಾಗಿ ಎರಡು ಪುಟ್ಟ ತೂತು, ನಡುವೆ ಒಂದು ಗುಬುಟು. ಕೇಸಿನ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ನಿಮ್ಮ ಪ್ರೆಸ್ಸಿನ (ಡೈ ಕೂರಿಸಿ, ಹಿಡಿ ಒತ್ತಿ ಕೆಲಸ ಮಾಡುವ ಯಂತ್ರ) ಹಳೆ ಪ್ರೈಮರ್ ತಳ್ಳುವ ಪಿನ್ ನಡುವೆ ಇಳಿಯುವುದರಿಂದ ಬರ್ಡನ್ ಕೇಸ್ ಬಂದರೆ ಪಿನ್ ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ಬಾಕ್ಸರ್ ಮಾತ್ರ ಇಟ್ಟುಕೊಳ್ಳಿ.

ಆಮೇಲೆ ಗಾತ್ರ. ಸಣ್ಣ ಪ್ರೈಮರಿನ ಅಡ್ಡಗಲ 4.45 ಮಿ.ಮೀ., ದೊಡ್ಡದರದು 5.33. 9 ಎಂಎಂ, .380, .40, .38 ಸ್ಪೆಷಲ್‌ಗೆ ಸಣ್ಣದು. 10 ಎಂಎಂಗೆ ಸಾಮಾನ್ಯವಾಗಿ ದೊಡ್ಡದು. ತಲೆನೋವು ಇರುವುದು .45 ಎಸಿಪಿಯಲ್ಲಿ. ಹಿಂದಿನಿಂದ ಅದು ದೊಡ್ಡ ಪ್ರೈಮರ್ ಕೇಸ್, ಆದರೆ ಕೆಲವು ಕಂಪನಿಗಳು ಸಣ್ಣ ಪ್ರೈಮರ್ ಕೇಸೂ ಮಾಡುತ್ತವೆ. ಬುಡದ ಅಕ್ಷರ ಎರಡರಲ್ಲೂ ಹೆಚ್ಚಾಗಿ ಒಂದೇ. ಒಮ್ಮೆ ನನ್ನ ಪ್ರೆಸ್ಸಿನ ಹಿಡಿ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಎಂದಿನ ಹಾಗೆ ಮೆತ್ತಗೆ ಕೂರಲಿಲ್ಲ. ಕೈ ಬಿಟ್ಟು ಕೇಸ್ ತೆಗೆದು ನೋಡಿದರೆ ಸಣ್ಣ ಗೂಡಿನ ಬಾಯಲ್ಲಿ ದೊಡ್ಡ ಪ್ರೈಮರ್ ಓರೆಯಾಗಿ ಕೂತಿತ್ತು. ಇನ್ನೂ ಒತ್ತಿದ್ದರೆ ಅದು ಅಲ್ಲೇ ಸಿಡಿಯುವ ಸಾಧ್ಯತೆ ಇತ್ತು. ಹಿಡಿ ತಡೆದರೆ ಒತ್ತಬೇಡಿ, ನಿಲ್ಲಿಸಿ. .45ರ ಸಣ್ಣ, ದೊಡ್ಡ ಎರಡನ್ನೂ ಬೇರೆ ಡಬ್ಬಿಯಲ್ಲಿ ಇಡಿ. ಸಣ್ಣ ಪ್ರೈಮರ್‌ದು ಕೆಟ್ಟದ್ದೇನಲ್ಲ, ಅದರದೇ ಬೇರೆ ಗುಂಪು ಮಾಡಿ ಬಳಸಬಹುದು.

ಕೆಲವು ಕೇಸಿನ ಬುಡದಲ್ಲಿ ವೃತ್ತದೊಳಗೆ ಶಿಲುಬೆಯ ಗುರುತು ಕಾಣುತ್ತದೆ. ಅದು ನ್ಯಾಟೊ ಮಾದರಿಯ ಸೇನೆಯ ತೋಟಾ. ಇವುಗಳಲ್ಲಿ ಪ್ರೈಮರ್ ಕಳಚಿ ಬೀಳದ ಹಾಗೆ ಗೂಡಿನ ಸುತ್ತ ಹಿತ್ತಾಳೆಯನ್ನು ಅಮುಕಿರುತ್ತಾರೆ. ಇದನ್ನು ಕ್ರಿಂಪ್ ಅನ್ನುತ್ತಾರೆ. ಪ್ರೈಮರಿನ ಸುತ್ತ ತಗ್ಗಾದ ಉಂಗುರ ಅಥವಾ ಮೂರ್ನಾಲ್ಕು ಚುಚ್ಚಿದ ಗುರುತು ಕಂಡರೆ ಅದೇ. ಹಳೆ ಪ್ರೈಮರ್ ಹೊರಗೆ ಬರುತ್ತದೆ, ಹೊಸದು ಒಳಗೆ ಹೋಗುವುದಿಲ್ಲ. ಆ ಅಂಚನ್ನು ಸ್ವೇಜ್ ಉಪಕರಣದಿಂದ ಒತ್ತಿ ಅಗಲಿಸಬೇಕು ಇಲ್ಲವೇ ರೀಮರ್‌ನಿಂದ ತುಸುವೇ ಕೆರೆಯಬೇಕು. ಜಾಸ್ತಿ ಕೆರೆದರೆ ಗೂಡು ಸಡಿಲವಾಗಿ ಕೇಸ್ ಹಾಳು. ಬೇರೆ ಕೇಸ್ ಧಾರಾಳವಾಗಿ ಇದ್ದರೆ ಈ ಗೋಜಿಗೆ ಹೋಗದೇ ಇರುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಗೂಡು ಸವೆದಿದ್ದರೆ ಅದು ಪ್ರೈಮರ್ ಕೂರಿಸುವಾಗಲೇ ಕೈಗೆ ತಿಳಿಯುತ್ತದೆ. ಹೊಸ ಪ್ರೈಮರ್ ಬೆಣ್ಣೆಗೆ ಬೆರಳು ಇಟ್ಟ ಹಾಗೆ ಇಳಿದುಬಿಟ್ಟರೆ ಆ ಕೇಸಿನ ಆಯಸ್ಸು ಮುಗಿಯಿತು. ಹಾರಿದ ಪ್ರೈಮರಿನ ಸುತ್ತ ಮಸಿಯ ಉಂಗುರ ಇದ್ದರೂ ಹಾಗೆಯೇ. ಅಲ್ಲಿಂದ ಗಾಳಿ ಸೋರಿದೆ ಅಂತ ಅರ್ಥ.

4. ಕಣ್ಣು, ಬೆರಳು, ಕಿವಿ

ಈಗ ಕೇಸಿನ ಆರೋಗ್ಯ ನೋಡುವ ಸಮಯ. ಹತ್ತಿಪ್ಪತ್ತು ಕೇಸ್‌ಗಳನ್ನು ಎರಡು ಬೊಗಸೆಯಲ್ಲಿ ಮೆಲ್ಲಗೆ ಕುಲುಕಿ. ಗಟ್ಟಿ ಹಿತ್ತಾಳೆ ಗೆಜ್ಜೆಯ ಹಾಗೆ ಝಣಝಣ ಅನ್ನುತ್ತದೆ. ನಡುವೆ ಎಲ್ಲೋ ಒಡೆದ ಮಡಕೆ ತಟ್ಟಿದಂಥ ಮಂಕು ಸದ್ದು ಬಂತಾ? ರಾಶಿಯನ್ನು ಅರ್ಧ ಮಾಡಿ, ಮತ್ತೆ ಕುಲುಕಿ. ಹಾಗೆ ಅರ್ಧ ಮಾಡುತ್ತಾ ಹೋದರೆ ಬಿರುಕು ಬಿಟ್ಟ ಕೇಸ್ ಕೈಗೆ ಸಿಗುತ್ತದೆ. ಕಣ್ಣಿಗೆ ಕಾಣದ ಕೂದಲೆಳೆ ಬಿರುಕನ್ನೂ ಕಿವಿ ಹಿಡಿಯುತ್ತದೆ. ನಾಲ್ಕು ದಿನ ಅಭ್ಯಾಸ ಮಾಡಿದರೆ ಸಾಕು.

ಬಿರುಕು ಸಾಮಾನ್ಯವಾಗಿ ಬಾಯಿಂದ ಕೆಳಕ್ಕೆ ಉದ್ದುದ್ದ ಇರುತ್ತದೆ. ಪ್ರತಿ ಸಲ ಬಾಯಿ ಅರಳಿಸಿ ಮತ್ತೆ ಮುಚ್ಚುವುದರಿಂದ ಅಲ್ಲಿ ಹಿತ್ತಾಳೆ ಪೆಡಸಾಗುತ್ತದೆ. ಬಾಯಿ ಸೀಳಿದ ಕೇಸ್ ಗುಂಡನ್ನು ಹಿಡಿಯುವುದಿಲ್ಲ. ಬುಡದ ಹತ್ತಿರ ಅಡ್ಡಡ್ಡ ಹೊಳೆಯುವ ಗೆರೆ ಇದ್ದರೆ ಇನ್ನೂ ಅಪಾಯ. ಗೋಡೆ ಅಲ್ಲಿ ತೆಳುವಾಗಿ ಹರಿಯಲು ಶುರುವಾಗಿದೆ. ಬಾಯಲ್ಲಿ ಸಣ್ಣ ನೆಗ್ಗು ಇದ್ದರೆ ತೊಂದರೆಯಿಲ್ಲ, ಸೈಜಿಂಗ್ ಡೈ (ಉಬ್ಬಿದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚು) ಅದನ್ನು ಸರಿ ಮಾಡುತ್ತದೆ. ಮೈಯಲ್ಲಿ ಚೂಪಾದ ಮಡಿಕೆ ಬಿದ್ದಿದ್ದರೆ ಬೇಡ.

ಬುಡದ ಮೇಲಿನ ಭಾಗವನ್ನು ಬೆರಳಿನಿಂದ ಸವರಿ ನೋಡಿ. ಒಂದು ಪಕ್ಕದಲ್ಲಿ ಮಾತ್ರ ಉಬ್ಬು ತಗಲಿದರೆ, ಆ ಕೇಸ್ ಬುಡಕ್ಕೆ ಪೂರ್ತಿ ಆಸರೆ ಇಲ್ಲದ ಚೇಂಬರಿನಲ್ಲಿ ಹಾರಿದೆ. .40 ಕೇಸ್‌ಗಳಲ್ಲಿ ಇದು ಜಾಸ್ತಿ ಕಾಣುತ್ತದೆ. ಉಬ್ಬನ್ನು ಒತ್ತಿ ಸಮ ಮಾಡುವ ಡೈ ಸಿಗುತ್ತದೆ. ಆದರೆ ಆಕಾರ ಸರಿಹೋದರೂ ಒಮ್ಮೆ ಹಿಗ್ಗಿದ ಹಿತ್ತಾಳೆಗೆ ಹಳೆಯ ಬಲ ಬರುವುದಿಲ್ಲ. ಎದ್ದು ಕಾಣುವ ಉಬ್ಬಿದ್ದರೆ ನಾನು ಇಟ್ಟುಕೊಳ್ಳುವುದಿಲ್ಲ. ಸ್ಪರ್ಧೆಯ ರೇಂಜ್‌ನಲ್ಲಿ ಹೆಕ್ಕುವಾಗಲೂ ಕೇಳಿ ಹೆಕ್ಕಿ. ಓಪನ್ ವಿಭಾಗದ (ಮಾರ್ಪಡಿಸಿದ ಪಿಸ್ತೂಲಿನಿಂದ ಸ್ಪರ್ಧಿಸುವ ಗುಂಪು) ಕೆಲವರು 9 ಮೇಜರ್ ಎಂದು ಮಾಮೂಲಿ ಮಿತಿ ಮೀರಿದ ಒತ್ತಡದಲ್ಲಿ 9 ಎಂಎಂ ಹಾರಿಸುತ್ತಾರೆ. ಹಾಗೆ ಹಾರಿದ ಕೇಸನ್ನು ಮತ್ತೆ ಬಳಸಬಾರದು.

5. ಒಳಗೊಮ್ಮೆ ಇಣುಕಿ

ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಕೆಲವು ಕಂಪನಿಗಳ 9 ಎಂಎಂ ಕೇಸಿನೊಳಗೆ ಅರ್ಧ ದಾರಿಯಲ್ಲಿ ಮೆಟ್ಟಿಲಿನಂಥ ಅಂಚು ಇರುತ್ತದೆ. ಮಾಮೂಲಿ ಕೇಸಿನ ಗೋಡೆ ಬಾಯಿಂದ ಬುಡದವರೆಗೆ ಮೆಲ್ಲಮೆಲ್ಲಗೆ ದಪ್ಪವಾಗುತ್ತದೆ. ಇದರಲ್ಲಿ ಹಠಾತ್ತಾಗಿ ದಪ್ಪವಾಗುತ್ತದೆ. ತೊಂದರೆ ಎರಡು. ಒಳಗೆ ಜಾಗ ಕಡಿಮೆಯಾಗಿ ಅದೇ ಪೌಡರಿಗೆ ಒತ್ತಡ ಹೆಚ್ಚುತ್ತದೆ. ಆ ಮೆಟ್ಟಿಲಿನ ಹತ್ತಿರವೇ ಕೇಸ್ ಎರಡು ತುಂಡಾಗಿ, ಮುಂದಿನ ಅರ್ಧ ಬ್ಯಾರೆಲ್ಲಿನಲ್ಲೇ ಉಳಿಯಬಹುದು. ಟಾರ್ಚ್ ಬಿಟ್ಟರೆ ಒಳಗೆ ಸ್ಪಷ್ಟವಾದ ಉಂಗುರ ಕಾಣುತ್ತದೆ. ಕಂಡರೆ ಬಿಸಾಡಿ. ಅದರ ಹೆಡ್‌ಸ್ಟ್ಯಾಂಪ್ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಬುಡ ನೋಡಿದ ಕೂಡಲೇ ಗೊತ್ತಾಗುತ್ತದೆ.

ಇಣುಕುವಾಗಲೇ ಒಳಗೆ ಕಲ್ಲು, ಮಣ್ಣು, ತೊಳೆಯುವಾಗ ಸಿಕ್ಕಿಕೊಂಡ ಸ್ಟೀಲ್ ಪಿನ್ ಇದೆಯಾ ಅಂತಲೂ ನೋಡಿ.

6. ಕಂಪನಿವಾರು ಬೇರೆ ಮಾಡಬೇಕಾ?

ಎಲ್ಲರೂ ಕೇಳುವ ಪ್ರಶ್ನೆಗೆ ಬಂದೆವು. ಒಂದೇ ಕ್ಯಾಲಿಬರ್ ಆದರೂ ಕಂಪನಿಯಿಂದ ಕಂಪನಿಗೆ ಗೋಡೆಯ ದಪ್ಪ, ಒಳಗಿನ ಜಾಗ, ಹಿತ್ತಾಳೆಯ ಗಡಸು ಬೇರೆ ಇರುತ್ತದೆ. 9 ಎಂಎಂ ಕೇಸಿನ ಹೊಟ್ಟೆ ಚಿಕ್ಕದು. ಚಿಕ್ಕ ಹೊಟ್ಟೆಯಲ್ಲಿ ಸ್ವಲ್ಪ ಜಾಗ ಕಡಿಮೆಯಾದರೂ ಒತ್ತಡದ ಮೇಲೆ ಅದರ ಪರಿಣಾಮ ದೊಡ್ಡದು.

ಕೈಪಿಡಿಯಲ್ಲಿ ಕೊಟ್ಟ ಆರಂಭದ ಅಳತೆಯ ಆಸುಪಾಸಿನಲ್ಲಿ, ಅಭ್ಯಾಸಕ್ಕೆ ತುಂಬುವ ತೋಟಾಗಳಿಗೆ ಮೇಲಿನ ಪರೀಕ್ಷೆಗಳೆಲ್ಲ ಪಾಸಾದ ಬೆರಕೆ ಕೇಸ್ ನಡೆಯುತ್ತದೆ. ನಾನೂ ಹಾಗೇ ಮಾಡುತ್ತೇನೆ. ಆದರೆ ಗರಿಷ್ಠ ಅಳತೆಯ ಹತ್ತಿರ ಹೋಗುವುದಾದರೆ, ಭಾರದ ಗುಂಡು ಆಳಕ್ಕೆ ಕೂರಿಸುವುದಾದರೆ, ಸ್ಪರ್ಧೆಗೆ ತುಂಬುವುದಾದರೆ ಒಂದೇ ಹೆಡ್‌ಸ್ಟ್ಯಾಂಪ್ ಇರಲಿ. ಕೇಸಿನ ಕಂಪನಿ ಬದಲಾಯಿತು ಅಂದರೆ ಪೌಡರ್ ಅಳತೆಯನ್ನು ಮತ್ತೆ ಕೆಳಗಿನಿಂದ ಶುರು ಮಾಡಿ ಏರಿಸಿ. ಗುಂಡು, ಪ್ರೈಮರ್ ಬದಲಾದರೂ ಇದೇ ನಿಯಮ.

ಕೇಸ್ ಗುಂಡನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ಪರೀಕ್ಷಿಸಲು ಸುಲಭ ದಾರಿ ಇದೆ. ಹೊಸ ಹೆಡ್‌ಸ್ಟ್ಯಾಂಪಿನ ಒಂದು ಕೇಸಿಗೆ ಪ್ರೈಮರ್, ಪೌಡರ್ ಏನೂ ಹಾಕದೆ ಬರೀ ಗುಂಡು ಕೂರಿಸಿ. ಪೂರ್ತಿ ಉದ್ದ ಅಳೆದು ಬರೆದುಕೊಳ್ಳಿ. ಗುಂಡಿನ ತುದಿಯನ್ನು ಮೇಜಿನ ಅಂಚಿಗೆ ಇಟ್ಟು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಮತ್ತೆ ಅಳೆಯಿರಿ. ಗುಂಡು ಒಳಗೆ ಸರಿದಿದ್ದರೆ ಆ ಕೇಸಿನ ಗೋಡೆ ತೆಳು, ಅಥವಾ ಡೈ ಹೊಂದಿಕೆ ಸರಿಯಿಲ್ಲ. ಪಿಸ್ತೂಲು ತೋಟಾವನ್ನು ಮ್ಯಾಗಜೀನಿನಿಂದ ಚೇಂಬರಿಗೆ ತಳ್ಳುವಾಗ ಇದೇ ಪೆಟ್ಟು ಬೀಳುತ್ತದೆ. ಗುಂಡು ಒಳಗೆ ಸರಿದರೆ ಒತ್ತಡ ವಿಪರೀತ ಏರುತ್ತದೆ. ಬಾಯಿಯ ಕ್ರಿಂಪ್, ಅಂದರೆ ಗುಂಡಿನ ಸುತ್ತ ಕೇಸಿನ ಬಾಯಿ ಅಮುಕುವುದನ್ನು, ಜಾಸ್ತಿ ಮಾಡಿ ಇದನ್ನು ಸರಿಪಡಿಸಲು ಹೋಗಬೇಡಿ. ಗುಂಡನ್ನು ಹಿಡಿಯಬೇಕಾದದ್ದು ಕೇಸಿನ ಗೋಡೆ.

7. ತೊಳೆಯುವುದು, ಸೈಜ್ ಮಾಡುವುದು, ಇಳಿಸಿ ನೋಡುವುದು

ಹಾರಿದ ಕೇಸಿನ ಮಸಿಯಲ್ಲಿ ಪ್ರೈಮರಿನಿಂದ ಬಂದ ಸೀಸ ಇರುತ್ತದೆ. ಒಣ ಪುಡಿಯಲ್ಲಿ ಉರುಳಿಸಿ ತೊಳೆಯುವುದಾದರೆ ಮನೆಯ ಹೊರಗೆ, ಮುಖಕ್ಕೆ ಮಾಸ್ಕ್ ಹಾಕಿ ಮಾಡಿ. ನೀರಿನಲ್ಲಿ ತೊಳೆದರೆ ಧೂಳು ಏಳುವುದಿಲ್ಲ, ನನಗೆ ಅದೇ ಇಷ್ಟ. ಕೇಸ್ ಮುಟ್ಟಿದ ಕೈಯಲ್ಲಿ ತಿನ್ನಬೇಡಿ, ಮಕ್ಕಳನ್ನು ಎತ್ತಿಕೊಳ್ಳಬೇಡಿ. ಮೊದಲು ಸೋಪು ಹಾಕಿ ತೊಳೆಯಿರಿ.

ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್ ಮಾತ್ರ ಹಚ್ಚಲೇಬೇಡಿ. ಅಮೋನಿಯಾ ಹಿತ್ತಾಳೆಯನ್ನು ಒಳಗಿಂದ ಬಿರುಕು ಬಿಡಿಸುತ್ತದೆ. ಬ್ರಿಟಿಷರ ಕಾಲದ ಭಾರತದಲ್ಲಿ ಸೇನೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಸೀಳುತ್ತಿದ್ದವು. ಕುದುರೆ ಲಾಯದಲ್ಲಿ ಇಟ್ಟ ತೋಟಾಗಳಿಗೆ ಕುದುರೆ ಮೂತ್ರದ ಅಮೋನಿಯಾ ತಗಲುತ್ತಿತ್ತು, ಮಳೆಗಾಲದ ತೇವವೂ ಸೇರುತ್ತಿತ್ತು. ಇದಕ್ಕೆ ಇಂಗ್ಲಿಷಿನಲ್ಲಿ 'ಸೀಸನ್ ಕ್ರ್ಯಾಕಿಂಗ್' ಅನ್ನುವ ಹೆಸರೇ ಬಿತ್ತು. ಹೊಳಪಿಗಾಗಿ ಆ ತೊಂದರೆ ಮೈಮೇಲೆ ಎಳೆದುಕೊಳ್ಳುವುದು ಬೇಡ. ತೊಳೆದ ಕೇಸ್ ಒಳಗೂ ಹೊರಗೂ ಪೂರ್ತಿ ಒಣಗಬೇಕು. ಗೂಡಿನಲ್ಲಿ ಒಂದು ಹನಿ ನೀರು ಉಳಿದರೂ ಪ್ರೈಮರ್ ಕೆಡಬಹುದು.

ಸೈಜಿಂಗ್ ಡೈಯಿಂದ ಬಂದ ಕೇಸನ್ನು ಗೇಜಿನಲ್ಲಿ ಅಥವಾ ಬಿಚ್ಚಿದ ಬ್ಯಾರೆಲ್ಲಿನಲ್ಲಿ ಇಳಿಬಿಡಿ. ಟಣ್ ಎಂದು ತಾನೇ ಕೂರಬೇಕು, ಬ್ಯಾರೆಲ್ ತಿರುಗಿಸಿದರೆ ತಾನೇ ಬೀಳಬೇಕು. ತಳ್ಳಬೇಕಾಗಿ ಬಂದರೆ ಆ ಕೇಸ್ ನಿಮ್ಮ ಪಿಸ್ತೂಲಿಗೆ ಹೊಂದುವುದಿಲ್ಲ. ಗುಂಡು ಕೂರಿಸಿದ ಮಾದರಿ ತೋಟಾವನ್ನೂ, ಪ್ರೈಮರ್ ಪೌಡರ್ ಇಲ್ಲದೆ, ಹೀಗೇ ನೋಡಿ. ಗೋಡೆ ದಪ್ಪ ಇರುವ ಕೇಸ್‌ಗಳು ಖಾಲಿ ಇದ್ದಾಗ ಇಳಿಯುತ್ತವೆ, ಗುಂಡು ಕೂತ ಮೇಲೆ ಉಬ್ಬಿ ನಿಲ್ಲುತ್ತವೆ.

ಉದ್ದವನ್ನೂ ಅಳೆಯಿರಿ. ನೇರ ಗೋಡೆಯ ಪಿಸ್ತೂಲು ಕೇಸ್ ರೈಫಲ್ ಕೇಸಿನ ಹಾಗೆ ಬೆಳೆಯುವುದಿಲ್ಲ, ಕತ್ತರಿಸುವ ಕೆಲಸ ಬರುವುದು ಅಪರೂಪ. ರಿವಾಲ್ವರ್ ಕೇಸ್‌ಗೆ ಬಾಯಿ ಒಳಕ್ಕೆ ಮಡಿಸುವ ಕ್ರಿಂಪ್ ಹಾಕುವುದಾದರೆ ಎಲ್ಲ ಕೇಸಿನ ಉದ್ದವೂ ಒಂದೇ ಇರಬೇಕು, ಇಲ್ಲದಿದ್ದರೆ ಒಂದಕ್ಕೆ ಬಿಗಿ, ಇನ್ನೊಂದಕ್ಕೆ ಸಡಿಲ ಆಗುತ್ತದೆ.

8. ಡಬ್ಬಿಗೆ ಚೀಟಿ ಅಂಟಿಸಿ

ಆರಿಸಿದ ಕೇಸ್‌ಗಳನ್ನು ಗುಂಪು ಮಾಡಿ ಇಡಿ. ಚೀಟಿಯಲ್ಲಿ ಕ್ಯಾಲಿಬರ್, ಹೆಡ್‌ಸ್ಟ್ಯಾಂಪ್, ಪ್ರೈಮರ್ ಗಾತ್ರ, ಎಷ್ಟನೇ ಸಲ ತುಂಬುತ್ತಿದ್ದೀರಿ ಅನ್ನುವುದು ಇರಲಿ. ರೇಂಜ್‌ನಲ್ಲಿ ನಿಮ್ಮ ಕೇಸ್ ಬೇರೆಯವರದರ ಜೊತೆ ಬೆರೆಯಬಾರದು ಅಂದರೆ ಬುಡಕ್ಕೆ ಅಡ್ಡ ಮಾರ್ಕರಿನ ಗೆರೆ ಎಳೆಯಿರಿ. ಎಷ್ಟು ಸಲ ತುಂಬಬಹುದು ಅನ್ನುವುದಕ್ಕೆ ಒಂದೇ ಸಂಖ್ಯೆ ಇಲ್ಲ. 21,000 ಪೌಂಡ್ ಮಿತಿಯ .45ರ ಕೇಸ್ ತುಂಬ ಕಾಲ ಬಾಳುತ್ತದೆ, ಹಾಳಾಗುವ ಮೊದಲು ಹುಲ್ಲಿನಲ್ಲಿ ಕಳೆದುಹೋಗುವುದೇ ಹೆಚ್ಚು. ಗರಿಷ್ಠ ಅಳತೆಯಲ್ಲಿ ಹಾರಿಸಿದ .357 ಅಷ್ಟು ಬಾಳುವುದಿಲ್ಲ. ಒಂದೇ ಗುಂಪಿನಲ್ಲಿ ಒಂದರ ಹಿಂದೊಂದು ಬಾಯಿ ಸೀಳಲು ಶುರುವಾದರೆ ಆ ಗುಂಪನ್ನೇ ತೆಗೆದುಬಿಡಿ.

ಬೇಡವೆಂದು ತೆಗೆದ ಕೇಸ್‌ಗಳನ್ನು ಹಾಗೆಯೇ ರದ್ದಿ ಡಬ್ಬಿಗೆ ಹಾಕಬೇಡಿ. ಹಳೆ ಪ್ರೈಮರ್ ಹೊತ್ತಿದೆಯಾ ಎಂದು ನೋಡಿ, ಇಕ್ಕಳದಿಂದ ಬಾಯಿ ಚಪ್ಪಟೆ ಮಾಡಿ ಹಾಕಿ. ತಿಂಗಳು ಬಿಟ್ಟು ಅದೇ ಡಬ್ಬಿಗೆ ಕೈ ಹಾಕಿದಾಗ ನೀವಾಗಲಿ, ನಿಮ್ಮಿಂದ ಹಿತ್ತಾಳೆ ಕೊಂಡವರಾಗಲಿ ಅದನ್ನು ಒಳ್ಳೆಯ ಕೇಸ್ ಎಂದು ತಿಳಿಯಬಾರದು.